ನನಗಿಲ್ಲದ ಕಾಯಿಲೆಗೆ ಮೊಮ್ಮಗಳ ಜೀವನಾಂಶ ಇಳಿಸಬೇಡಿ

ಕುಟುಂಬ ನ್ಯಾಯಾಲಯದ ಪೀಠದಲ್ಲಿ ಕುಳಿತಿರುವ ಮಾನ್ಯರೇ,

ನನಗೆ ಪಾರ್ಶ್ವವಾಯು ಹೊಡೆದಿದೆ ಎಂದು ನನಗೆ ಗೊತ್ತಾದದ್ದು ತಮ್ಮ ನ್ಯಾಯಾಲಯದ ಕಾಗದ ನೋಡಿದ ಮೇಲೆ. ಅಲ್ಲಿಯತನಕ ನಾನು ದಿನವೂ ರೇಷ್ಮೆ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ತರುತ್ತಿದ್ದೆ. ಈಗಲೂ ತರುತ್ತಿದ್ದೇನೆ. ಕಾಯಿಲೆಯ ವಿಚಾರವನ್ನು ನನ್ನ ಕಾಲುಗಳಿಗೆ ಇನ್ನೂ ಯಾರೂ ತಿಳಿಸಿಲ್ಲವೆಂದು ಕಾಣುತ್ತದೆ.

ಇದನ್ನು ತಮಾಷೆಗೆ ಬರೆಯುತ್ತಿಲ್ಲ. ನನ್ನ ಮಗ ಚಲುವರಾಜುವಿಗೂ ಅವನ ಹೆಂಡತಿ ಕವಿತಳಿಗೂ ತಮ್ಮ ನ್ಯಾಯಾಲಯದಲ್ಲೇ ವಿಚ್ಛೇದನವಾಯಿತು. ಅವರ ಮಗಳು ಅರ್ಪಿತಳಿಗೆ ತಂದೆಯಾದವನು ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಆದೇಶವೂ ಆಯಿತು. ಎರಡು ವರ್ಷದಿಂದ ಅವನು ಒಂದು ಕಾಸು ಕೊಟ್ಟಿಲ್ಲ. ಕವಿತ ಬಾಕಿ ಕೇಳಿ ಅರ್ಜಿ ಹಾಕಿದ ಮೇಲೆ ಇವನಿಗೆ ತನ್ನ ಬಡತನ ಜ್ಞಾಪಕಕ್ಕೆ ಬಂತು. ತಮ್ಮ ಮುಂದೆ ಹೊಸ ಅರ್ಜಿ ಇಟ್ಟಿದ್ದಾನೆ: ಪರಿಸ್ಥಿತಿ ಬದಲಾಗಿದೆ, ರೇಷ್ಮೆ ಬೆಳೆ ಕೈಬಿಟ್ಟಿದ್ದೇನೆ, ಯಾವ ಆದಾಯವೂ ಇಲ್ಲ, ಪಾರ್ಶ್ವವಾಯು ಪೀಡಿತಳಾಗಿ ಹಾಸಿಗೆ ಹಿಡಿದ ವೃದ್ಧ ತಾಯಿಯನ್ನು ಸಾಕಬೇಕಾಗಿದೆ, ಆದ್ದರಿಂದ ಮಗಳ ಜೀವನಾಂಶವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿಕೊಡಬೇಕು. ತಾವು ಕರುಣೆಯಿಂದ ಆ ಅರ್ಜಿ ತೀರ್ಮಾನವಾಗುವ ತನಕ ಹಳೆ ಬಾಕಿಯ ವಸೂಲಿಯನ್ನೂ ತಡೆದಿದ್ದೀರಿ. ಆ ವೃದ್ಧ ತಾಯಿ ನಾನೇ. ನನ್ನ ಮೇಲೆ ತಾವು ತೋರಿಸಿದ ಕರುಣೆಯಿಂದ ನನ್ನ ಮೊಮ್ಮಗಳ ಅನ್ನ ನಿಂತಿದೆ. ಅಂಥ ಕರುಣೆಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕೆಂದು ಕೇಳಲು ಈ ಪತ್ರ.

ನಾನು ಓದಿರುವುದು ಆರನೇ ಕ್ಲಾಸು, ಅದೂ ಅರ್ಧ. ಮಾತಿನಲ್ಲಿ ನಯ ಸಾಲದೆ ಹೋದರೆ ಸಹಿಸಿಕೊಳ್ಳಿ. ನಯವಾದ ಮಾತನ್ನೆಲ್ಲ ನನ್ನ ಮಗನ ವಕೀಲರು ಆಗಲೇ ಖರ್ಚು ಮಾಡಿದ್ದಾರೆ.

ವಿಷಯ ನನಗೆ ತಿಳಿದದ್ದು ಹೀಗೆ. ನಮ್ಮದು ಮಳವಳ್ಳಿ ತಾಲ್ಲೂಕಿನಲ್ಲಿ ಪೂರಿಗಾಲಿ ಪಕ್ಕದ ಹಳ್ಳಿ. ಕವಿತ ಇರುವುದು ಮದ್ದೂರಿನ ಹತ್ತಿರ ಶಿವಪುರದ ತವರಿನಲ್ಲಿ. ಅಲ್ಲಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ವಿಚ್ಛೇದನವಾದ ಮೇಲೆ ಅವಳು ನಮ್ಮೂರಿನ ಮಣ್ಣು ತುಳಿದಿರಲಿಲ್ಲ, ನಾನೂ ಬಾ ಎಂದು ಕರೆದಿರಲಿಲ್ಲ. ಒಂದು ಭಾನುವಾರ ನಾನು ಸೊಪ್ಪಿನ ಹೊರೆ ಹೊತ್ತುಕೊಂಡು ಬೀದಿ ತಿರುಗುತ್ತಿದ್ದಂತೆ ಎದುರಿಗೆ ತಾಯಿ ಮಗಳು ನಿಂತಿದ್ದಾರೆ. ಕವಿತಳ ಕೈಯಲ್ಲಿ ಒಂದು ಚೀಲ, ಅದರಲ್ಲಿ ಮೂಸಂಬಿ, ಬ್ರೆಡ್ಡು. ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಅತ್ತೆ! ನೀವು ನಡೀತಿದ್ದೀರಾ?"

"ನಡೀದೆ ಇನ್ನೇನ್ ತೆವಳ್ಳಾ? ಇಷ್ಟ್ ವರ್ಸ ಆದ್ಮೇಲೆ ಬಂದು ಇಂಗ್ ಕೇಳ್ತೀಯಲ್ಲವ್ವ!"

"ನಿಮ್ಗೆ ಲಕ್ವ ಒಡ್ದದೆ, ಎದ್ದು ಕೂರಕ್ಕೂ ಆಯ್ತಿಲ್ಲ ಅಂತ..."

"ಯಾವ್ ಬಡ್ಡೈದ ಅಂದೋನು?"

ಪಕ್ಕದಲ್ಲಿದ್ದ ಅರ್ಪಿತ ಕಿಸಕ್ಕನೆ ನಕ್ಕುಬಿಟ್ಟಳು. "ಅಪ್ಪ ಅಂದಿದ್ದು ಕಣಜ್ಜಿ. ಕೋರ್ಟಲ್ಲಿ."

ನಾನು ಬೈದ ಬೈಗುಳ ನನಗೇ ಬಂದು ಬಡಿಯಿತು. ಹೊರೆಯನ್ನು ಜಗಲಿಯ ಮೇಲೆ ಎಸೆದು ಇಬ್ಬರನ್ನೂ ಕೂರಿಸಿದೆ. ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಕವಿತ ಹೇಳಿದ್ದು ಇಷ್ಟು: "ಕಾಗ್ದದಲ್ಲಿ ಇನ್ನೇನ್ ಓಗ್ಬುಡ್ತಾರೆ ಅನ್ನಂಗೆ ಬರ್ದವ್ರೆ ಅತ್ತೆ. ಒಂದ್ ದಪ ಮೊಮ್ಮಗಳ ಮೊಕ ತೋರ್ಸಿಬುಡಮ ಅಂತ ಬಂದೆ." ಯೋಚನೆ ಮಾಡಿ ನೋಡಿ ಮಾನ್ಯರೇ. ಈ ಹೆಂಗಸಿನ ಮಗಳಿಗೆ ಬರಬೇಕಾದದ್ದನ್ನು ತಡೆದಿರುವುದು ನನ್ನ ಕಾಯಿಲೆಯ ನೆಪದಲ್ಲಿ. ಅವಳು ಅದೇ ಕಾಯಿಲೆಗೆ ರಜದ ದಿನ ಎರಡು ಬಸ್ಸು ಬದಲಾಯಿಸಿ ಮೂಸಂಬಿ ತಂದಿದ್ದಾಳೆ. ನನ್ನನ್ನು ಸಾಕುತ್ತಿದ್ದೇನೆಂದು ಪ್ರಮಾಣ ಮಾಡಿದವನು ಅವತ್ತು ಬೆಳಗ್ಗೆಯಿಂದ ಮನೆಯಲ್ಲಿರಲಿಲ್ಲ. ತೋಪಿನಲ್ಲಿ ಇಸ್ಪೀಟು ನಡೆಯುತ್ತಿತ್ತು.

ಕವಿತ ತಾನು ತಂದಿದ್ದ ನಕಲು ಕಾಗದಗಳನ್ನು ತೆಗೆದಳು. ಅದರಲ್ಲಿ ಒಂದು ಫೋಟೋ. ನಾನು ಚಾಪೆಯ ಮೇಲೆ ಬಿದ್ದುಕೊಂಡಿದ್ದೇನೆ, ಕುತ್ತಿಗೆವರೆಗೆ ಕಂಬಳಿ, ತಲೆಗೆ ಟವೆಲು, ಬಾಯಿ ಒಂದು ಕಡೆಗೆ ವಾಲಿದೆ. ಈ ಫೋಟೋ ನೋಡಿ ತಾವು ಪಾಪ ಎಂದು ನಿಟ್ಟುಸಿರು ಬಿಟ್ಟಿರೆಂದು ಕೇಳಿದೆ. ನಿದ್ದೆ ಮಾಡುವವಳ ಬಾಯಿ ವಾಲದೆ ಇನ್ನೇನು ಭಾಷಣ ಮಾಡುತ್ತದೆಯೇ?

ಅವತ್ತು ಏನಾಗಿತ್ತೆಂದು ಹೇಳುತ್ತೇನೆ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಬಂದರೆ ಅದು ನಮಗೋಸ್ಕರ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿರುತ್ತಾರೆ, ಆ ಸಂದಿಯಲ್ಲಿ ಕೂತು ಹುಳು ಗೂಡು ಸುತ್ತಿಕೊಳ್ಳುತ್ತದೆ. ಅವತ್ತು ಕೂಲಿಗೆ ಬರುತ್ತೇನೆಂದಿದ್ದ ಹೆಂಗಸರು ಬರಲಿಲ್ಲ. ಮಗ ಬರುತ್ತೇನೆಂದೂ ಹೇಳಿರಲಿಲ್ಲ. ನಾನೊಬ್ಬಳೇ ಹುಳು ಆರಿಸಿ ಮುಗಿಸಿ, ಎರಡು ತುತ್ತು ಉಂಡು, ಮಧ್ಯಾಹ್ನ ಜಗಲಿಯ ಮೇಲೆ ಹೆಣದ ಹಾಗೆ ಮಲಗಿದ್ದೆ. ಅವನು ಮನೆಗೆ ಬಂದವನು ಅವ್ವ ದಣಿದಿದ್ದಾಳೆಂದು ಒಂದು ಲೋಟ ನೀರು ತಂದಿಡಲಿಲ್ಲ. ಮೊಬೈಲು ತೆಗೆದು ಫೋಟೋ ಹೊಡೆದ.

ಹೊಡೆದವನು ಅವ್ವನ ಹಿಂದೆ ಏನಿದೆ ಎಂದು ನೋಡಲಿಲ್ಲ. ಕವಿತ ನೋಡಿದಳು. ಈ ಮನೆಯಲ್ಲಿ ಸಂಸಾರ ಮಾಡಿದಷ್ಟು ವರ್ಷ ನನ್ನ ಜೊತೆ ಹುಳದ ಮನೆಯಲ್ಲಿ ದುಡಿದವಳಲ್ಲವೇ? ಫೋಟೋದ ಅಂಚಿನಲ್ಲಿ ಬೆರಳಿಟ್ಟಳು.

"ಅತ್ತೆ, ಇಂದ್ಗಡೆ ನೋಡಿ. ಚಂದ್ರಿಕೆ."

ಗೋಡೆಗುಂಟ ಸಾಲಾಗಿ ನಿಂತಿವೆ. ಒಂದೊಂದರ ಮೇಲೂ ಹುಳು ಮುತ್ತಿಕೊಂಡು ಗೂಡಿಗೆ ಶುರು ಮಾಡಿವೆ. ಫೋಟೋ ಅಷ್ಟು ಚೆನ್ನಾಗಿ ಬಂದಿದೆ. ಹೊಸ ಮೊಬೈಲು ತಾನೇ.

"ಒಳ್ಳೆ ಬೆಳೆನೇ ಬಂದದಲ್ಲತ್ತೆ!" ಅಂದಳು ಕವಿತ. ತನ್ನ ಮಗಳ ಅನ್ನ ಕಸಿಯಲು ಹಾಕಿದ ಕಾಗದ ಹಿಡಿದುಕೊಂಡು ಬೆಳೆ ಚೆನ್ನಾಗಿದೆ ಎಂದು ಮೆಚ್ಚಿಕೊಂಡಳು. ಒಕ್ಕಲು ಮನೆಯ ಹೆಣ್ಣಿನ ಬುದ್ಧಿ, ಏನು ಮಾಡುವುದು.

ಮಾನ್ಯರೇ, ರೇಷ್ಮೆ ಬಿಟ್ಟಿದ್ದೇನೆಂದು ಬರೆದ ಅರ್ಜಿಗೆ ನನ್ನ ಮಗ ರೇಷ್ಮೆ ಬೆಳೆಯ ಫೋಟೋವನ್ನೇ ಪುರಾವೆಯಾಗಿ ಲಗತ್ತಿಸಿದ್ದಾನೆ. ಒಂದು ದಿನವಾದರೂ ಚಂದ್ರಿಕೆ ಎತ್ತಿದ್ದರೆ ಅದು ಅವನ ಕಣ್ಣಿಗೆ ಬೀಳುತ್ತಿತ್ತು. ಅವ್ವನನ್ನು ಬೇರೆ ಕಡೆ ಉರುಳಿಸಿಯಾದರೂ ಫೋಟೋ ತೆಗೆಯುತ್ತಿದ್ದ. ಗೂಡು ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ಮಾರುಕಟ್ಟೆಗೆ ಹೋಗುವುದಕ್ಕೆ ಮಾತ್ರ ಎದ್ದು ಬರುವ ಗಂಡಸಿಗೆ ಚಂದ್ರಿಕೆಯೂ ಗೋಡೆಯೂ ಒಂದೇ. ಸೋಮಾರಿತನವೇ ಅವನ ವಿರುದ್ಧ ಸಾಕ್ಷಿ ಹೇಳಿದೆ. ದೇವರು ದೊಡ್ಡವನು.

ಜಮೀನು ನನ್ನ ಗಂಡ ಸತ್ತ ಮೇಲೆ ನನ್ನ ಹೆಸರಿಗೆ ಆಗಿದೆ. ಆದ್ದರಿಂದ ಗೂಡು ಮಾರಿದ ಹಣ ನನ್ನ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಆ ಖಾತೆಯ ಎಟಿಎಂ ಕಾರ್ಡು ಇದ್ದದ್ದು ನನ್ನ ಮಗನ ಜೇಬಿನಲ್ಲಿ. ಬೆಳೆ ಬೆಳೆಗೂ ದುಡ್ಡು ತೆಗೆದವನು, ಬೈಕು ಬದಲಾಯಿಸಿದವನು ಅವನು. ಆದರೆ ಕಾಗದದಲ್ಲಿ ನೋಡಿದರೆ ಅವನು ನಿರ್ಗತಿಕ. ಕೋರ್ಟಿನ ಕಣ್ಣಿಗೆ ಅವನ ಹೆಸರಿನಲ್ಲಿ ಒಂದು ಗುಂಟೆ ಇಲ್ಲ, ಒಂದು ಗೂಡಿಲ್ಲ, ಒಂದು ಕಾಸಿಲ್ಲ. ಇರುವುದು ಒಂದು ಕಾಯಿಲೆ ಬಿದ್ದ ಅವ್ವ. ಅದನ್ನೂ ತಾನೇ ತಯಾರು ಮಾಡಿಕೊಂಡಿದ್ದಾನೆ.

ಅವತ್ತು ಸಂಜೆ ಉಣ್ಣಲು ಬಂದ. ನಾನು ತಟ್ಟೆ ಇಡಲಿಲ್ಲ.

"ಲೋ, ನಂಗೆ ಲಕ್ವ ಯಾವತ್ ಒಡೀತ್ಲಾ?"

"ಅವ್ವಾ, ಅದು ಕೋರ್ಟಿಗೆ ಅಷ್ಟೆ ಕಣವ್ವ. ವಕೀಲ್ರು ಇಂಗ್ ಬರ್ಸುದ್ರೆ ಸರೋಯ್ತದೆ ಅಂದ್ರು. ನೀನ್ಯಾಕ್ ತಲೆ ಕೆಡುಸ್ಕತೀಯೆ?"

"ಸರೋಯ್ತದೆ ಅನ್ನಂಗಿದ್ರೆ ವಕೀಲ್ರವ್ವಂಗೆ ಒಡುಸ್ಬೇಕಾಗಿತ್ತು. ನನ್ನೇ ಯಾಕ್ ಆರುಸ್ಕಂಡ್ರಿ?"

"ಆ ಮೂದೇವಿ ಬಂದು ಚಾಡಿ ಏಳವ್ಳೆ ಅಲ್ವಾ?"

"ಅವ್ಳು ಮೂಸಂಬಿ ತಂದವ್ಳೆ. ನೀನೇನ್ ತಂದಿದ್ದೀಯೆ, ತೋರ್ಸು."

ಆಗ ಅವನು ಕೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ನೀನ್ ಯಾರ್ ಕಡೆ ಅವ್ವ? ನಾಳಿಕ್ ನಿಜವಾಗ್ಲೂ ಬಿದ್ಕಂಡ್ರೆ ನಿನ್ನ ಎತ್ತಿ ಕೂರ್ಸೋರ್ ಯಾರು? ಅವ್ಳು ಬತ್ತಾಳಾ?"

ಮಾರನೇ ಬೆಳಗ್ಗೆ ಮಳವಳ್ಳಿಗೆ ಹೋಗಿ ಬ್ಯಾಂಕಿನಲ್ಲಿ ಕೂತು ಆ ಕಾರ್ಡನ್ನು ನಿಲ್ಲಿಸಿದೆ. ಬರುವಾಗ ಹುಳದ ಮನೆಗೆ ಹೊಸ ಬೀಗ ತಂದೆ. ಅಂದಿನಿಂದ ನನ್ನ ಒಲೆಯ ಮೇಲೆ ಒಬ್ಬಳಿಗೆ ಆಗುವಷ್ಟೇ ಮುದ್ದೆ ಕೂಡುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣ ಮೊಮ್ಮಗಳ ಕಣಜಕ್ಕೇ ಕನ್ನ ಹಾಕಿದ ಮೇಲೆ ನನಗೆ ಅದು ಬರೀ ಹೆಗ್ಗಣ.

ಇಷ್ಟಾದ ಮೇಲೆ ನಿಜ ಹೇಳಿಬರೋಣವೆಂದು ತಮ್ಮ ನ್ಯಾಯಾಲಯಕ್ಕೇ ಬಂದೆ. ಅದು ಯಾವ ಊರಿನದೆಂದು ಇಲ್ಲಿ ಬರೆಯುವುದಿಲ್ಲ, ತಮಗೆ ಗೊತ್ತು. ಕಿಟಕಿಯ ಒಳಗೆ ಕೂತಿದ್ದ ಹುಡುಗ ತಲೆ ಎತ್ತದೆ ಕೇಳಿದ:

"ಕೇಸ್‌ನಲ್ಲಿ ನೀವು ಯಾರಜ್ಜಿ?"

"ನಾನೆ ಕಣಪ್ಪ, ಆಸಿಗೆ ಇಡ್ದಿರೋಳು."

ಈಗ ತಲೆ ಎತ್ತಿದ. ಮೇಲಿಂದ ಕೆಳಗೆ ನೋಡಿದ. "ಅರ್ಜಿದಾರರಾ, ಎದುರುದಾರರಾ?"

"ಎರಡೂ ಅಲ್ಲ. ಅರ್ಜಿದಾರನ ಅವ್ವ."

"ಹಂಗಾದ್ರೆ ನೀವು ಪಾರ್ಟಿ ಅಲ್ಲ ಅಜ್ಜಿ. ನಿಮ್ಮಿಂದ ಏನೂ ತಗೊಳಕ್ಕಾಗಲ್ಲ."

"ನನ್ ಫೋಟೋ ಅದಲ್ಲಪ್ಪ ಒಳ್ಗೆ? ಅದ ಮಾತ್ರ ಎಂಗ್ ತಗಂಡ್ರಿ?"

"ಫೋಟೋ ಪಾರ್ಟಿ ಅಲ್ಲಜ್ಜಿ, ಅದು ದಾಖಲೆ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕುಡಿಯಲು ನೀರು ಕೊಟ್ಟ. ಆದರೆ ತಮ್ಮ ಮನೆಯ ನ್ಯಾಯ ಎಂಥದ್ದೆಂದು ನನಗೆ ಅಲ್ಲಿ ತಿಳಿಯಿತು. ಮಲಗಿರುವ ನಾನು ಒಳಗೆ ಹೋಗಬಹುದು, ನಿಂತಿರುವ ನಾನು ಕಿಟಕಿಯ ಹೊರಗೇ ಇರಬೇಕು. ಬಾಯಿ ವಾಲಿದ ಮುದುಕಿ ದಾಖಲೆ, ಬಾಯಿ ಬಿಟ್ಟು ಮಾತಾಡುವ ಮುದುಕಿ ಯಾರೂ ಅಲ್ಲ. ನನ್ನ ಕಾಯಿಲೆಗೆ ಆಸ್ಪತ್ರೆಯ ಚೀಟಿ ಎಲ್ಲಿ, ಯಾವ ಡಾಕ್ಟರು ನೋಡಿದರು ಎಂದು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತಲ್ಲವೇ? ಕವಿತ ಸಂಬಳದ ಚೀಟಿ ತರುವುದು ತಡವಾಯಿತೆಂದು ಅವಳಿಗೆ ಮುಂದಿನ ವಾಯಿದೆ ಕೊಟ್ಟಿರಂತೆ. ದುಡಿಯುವವಳಿಗೆ ಚೀಟಿ ಬೇಕು. ದುಡಿಯದವನಿಗೆ ಒಂದು ಫೋಟೋ ಸಾಕು. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಪತ್ರಿಕೆಯನ್ನಾದರೂ ತಮ್ಮ ಮನೆಯ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ.

ತಮ್ಮ ಆದೇಶಗಳು ಹೊರಗೆ ಬಂದ ಮೇಲೆ ಏನಾಗುತ್ತವೆಂದೂ ತಿಳಿದುಕೊಳ್ಳಿ. ಈ ಹೊಸ ಅರ್ಜಿಗೆ ಮುಂಚೆ ಬಾಕಿಗೆಂದು ಒಂದು ವಾರಂಟು ಕಳಿಸಿದ್ದಿರಿ. ತಂದವರು ಪೊಲೀಸಿನವರು, ಯಾವ ಠಾಣೆಯೆಂದು ಕೇಳಬೇಡಿ. ಬಿಸಿಲಲ್ಲಿ ಬಂದಿದ್ದಾರೆಂದು ಮಜ್ಜಿಗೆ ಕೊಟ್ಟೆ.

"ಅಜ್ಜಿ, ಚಲುವರಾಜು ಇದಾನಾ?"

"ಅವ್ನೆ ಸ್ವಾಮಿ. ಒಳ್ಗೆ ಟೀವಿ ನೋಡ್ತಾವ್ನೆ."

"ಇಲ್ಲ ಅನ್ನಿ ಅಜ್ಜಿ."

"ಇರೋನ ಯಾಕ್ ಇಲ್ಲ ಅನ್ನನ?"

"ವಯಸ್ಸಾಯ್ತು ನಿಮಗೆ, ಮರೆವು" ಎಂದು ಮಜ್ಜಿಗೆ ಮುಗಿಸಿ, ಆಸಾಮಿ ಮನೆಯಲ್ಲಿ ಸಿಗಲಿಲ್ಲವೆಂದು ಬರೆದುಕೊಂಡು ಹೋದರು. ಒಳಗಿನಿಂದ ಟೀವಿಯಲ್ಲಿ ಸಿಕ್ಸರ್ ಹೊಡೆದ ಸದ್ದು ಬರುತ್ತಲೇ ಇತ್ತು. ಆ ಆಸಾಮಿಯನ್ನು ಹುಡುಕಲು ಇನ್ನೂ ಎಷ್ಟು ಪಡೆ ಬೇಕಾಗಿತ್ತೋ! ಜೀವನಾಂಶ ಬಾಕಿ ಉಳಿಸಿದವನನ್ನು ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಒಳಗೆ ಕೂರಿಸುವ ಅಧಿಕಾರ ತಮಗಿದೆಯೆಂದು ಕವಿತಳ ವಕೀಲರು ಹೇಳಿದರು. ಇಷ್ಟು ಅಧಿಕಾರ ಇಟ್ಟುಕೊಂಡು ಒಬ್ಬ ಇಸ್ಪೀಟಿನವನ ಮುಂದೆ ತಾವು ವಾಯಿದೆ ವಾಯಿದೆ ಎಂದು ತಾರೀಕು ಹಂಚುತ್ತಾ ಕೂತಿರುವುದನ್ನು ನೋಡಿದರೆ, ನನಗೆ ನನ್ನ ಮಗನಿಗಿಂತ ತಮ್ಮ ಮೇಲೇ ಹೆಚ್ಚು ಕೋಪ ಬರುತ್ತದೆ. ಅವನನ್ನು ನಾನು ಹೆತ್ತಿದ್ದೇನೆ, ಅವನ ಯೋಗ್ಯತೆ ಇಷ್ಟೇ ಎಂದು ಗೊತ್ತು. ತಮ್ಮ ಮೇಲೆ ಜನ ಏನೋ ನಂಬಿಕೆ ಇಟ್ಟಿದ್ದಾರೆ.

ಈಗ ಅವಸರ ಯಾಕೆಂದರೆ, ಕವಿತ ಸೋಲುತ್ತಿದ್ದಾಳೆ. ಒಂದೊಂದು ವಾಯಿದೆಗೂ ಅವಳ ಒಂದು ದಿನದ ಸಂಬಳ ಹೋಗುತ್ತದೆ, ಅದರ ಜೊತೆಗೆ ಆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಇನ್ನೊಂದು ಸಲ ರಜ ಕೇಳಿದರೆ ಬರಲೇಬೇಡ ಎಂದು ಸೂಪರ್‌ವೈಸರ್ ಹೇಳಿದ್ದಾನೆ. ಇದನ್ನು ಕಾದುಕೊಂಡೇ ಕೂತಿದ್ದ ನನ್ನ ಮಗನ ಕಡೆಯವರು ಈಗ ರಾಜಿಯ ಮಾತು ತಂದಿದ್ದಾರೆ: ಬರುವ ಲೋಕ ಅದಾಲತ್ತಿನಲ್ಲಿ ಒಂದು ಸಣ್ಣ ಗಂಟು ಕೊಡುತ್ತಾರೆ, ಹಳೆ ಬಾಕಿ ಪೂರಾ ಮನ್ನಾ, ಮುಂದಕ್ಕೆ ಅರ್ಧಕ್ಕಿಂತ ಕಡಿಮೆ, ಸಹಿ ಹಾಕಬೇಕು. ಸಹಿ ಹಾಕಿದರೆ ಅರ್ಪಿತಳ ಓದು ಎಸ್ಸೆಸ್ಸೆಲ್ಸಿಗೆ ನಿಲ್ಲುತ್ತದೆ. ಅವಳು ಅದನ್ನು ಆಗಲೇ ಲೆಕ್ಕ ಹಾಕಿಕೊಂಡಿದ್ದಾಳೆ. ಆ ಭಾನುವಾರ ಬಸ್ಸು ಹತ್ತುವಾಗ "ನಾನೂ ಅಮ್ಮನ್ ಜೊತೆ ಗಾರ್ಮೆಂಟ್ಸ್‌ಗೆ ಸೇರ್ಕತೀನಿ ಬುಡಜ್ಜಿ, ಇಬ್ರೂ ಒಂದೇ ಬಸ್ಸಲ್ಲಿ ಓಗ್ಬೋದು" ಎಂದಳು. ನಗುತ್ತಾ ಹೇಳಿದಳು. ಒಂಬತ್ತನೇ ಕ್ಲಾಸಿನ ಹುಡುಗಿ, ಲೆಕ್ಕದಲ್ಲಿ ಕ್ಲಾಸಿಗೇ ಮುಂದಿರುವವಳು, ಅವಳಪ್ಪನ ಸುಳ್ಳಿಗೆ ತಕ್ಕ ಹಾಗೆ ತನ್ನ ಜೀವನವನ್ನು ಕತ್ತರಿಸಿಕೊಳ್ಳುತ್ತಿದ್ದಾಳೆ.

ರಾಜಿ ಮಾಡಿಸಲು ನಮ್ಮೂರಿನ ಯಜಮಾನ ಕೆಂಪಸಿದ್ದಯ್ಯನವರು ನನ್ನ ಜಗಲಿಗೂ ಬಂದಿದ್ದರು.

"ಸಣ್ಣತಾಯಮ್ಮ, ಒಂದ್ ಗಂಟು ಕೊಟ್ಟು ಮುಗಿಸ್ಬುಡಮ ಕಣಮ್ಮ. ಎಣ್ ಕೂಸು, ನಾಳಿಕ್ಕೆ ಕೊಟ್ಟ ಮನೆಗ್ ಓಗೋದು."

"ನಿನ್ ಎಣ್ಮಕ್ಳು ಕೊಟ್ಟ ಮನೆಗ್ ಓಗೋಗಂಟ ಏನ್ ತಿಂದ್ರು ಕೆಂಪಸಿದ್ದಯ್ಯ? ಗಾಳಿಯಾ?"

"ಅಂಗಲ್ಲ ಕಣಮ್ಮ. ಎಷ್ಟೇ ಆದ್ರೂ ಮಗ. ಮಣ್ ಆಕೋನು."

"ಬದುಕಿರೋವಾಗ್ಲೇ ಆಕವ್ನಲ್ಲ, ಇನ್ನೆಷ್ಟ್ ದಪ ಆಕುಸ್ಕಳನ?"

ಅವರು ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದು ಹೋದರು.

ಅಷ್ಟೊಂದು ಕಾಳಜಿ ಇದ್ದರೆ ಗೂಡಿನ ದುಡ್ಡು ನಿನ್ನದೇ ತಾನೇ ಮುದುಕಿ, ನೀನೇ ಕೊಡಬಾರದೇ ಎಂದು ತಾವು ಕೇಳಬಹುದು. ಕೊಡಲು ಹೋದೆ. ಕವಿತ ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವ್ ಕೊಟ್ರೆ ಅವ್ರು ಕೊಡೋದು ತಪ್ಪೋಯ್ತದೆ ಅತ್ತೆ. ಅವ್ಳು ಅವ್ರ ಮಗ್ಳು. ಅವ್ಳು ಕೇಳ್ತಿರೋದು ದಾನ ಅಲ್ಲ" ಅಂದಳು. ನನಗೆ ಸಿಟ್ಟು ಬಂತು, ಆಮೇಲೆ ಸರಿ ಎನಿಸಿತು. ಅಪ್ಪ ಕೊಡಬೇಕಾದದ್ದನ್ನು ಅಜ್ಜಿ ಕೊಟ್ಟರೆ ಅದು ಜೀವನಾಂಶವಲ್ಲ, ಅಜ್ಜಿ ತನ್ನ ಮಗನಿಗೆ ಕೊಡುವ ಲಂಚ. ಹಾಗೆ ಕೊಟ್ಟು ಕೊಟ್ಟೇ ನಮ್ಮ ಕಡೆಯ ತಾಯಂದಿರು ಇಂಥ ಗಂಡುಮಕ್ಕಳನ್ನು ಬೆಳೆಸಿದ್ದಾರೆ.

ಇನ್ನು ಬದಲಾದ ಪರಿಸ್ಥಿತಿಯ ವಿಚಾರ. ಆ ಅರ್ಜಿಯಲ್ಲಿ ಈ ಮಾತು ಸಾಲು ಸಾಲಿಗೂ ಇದೆ. ಪರಿಸ್ಥಿತಿ ಬದಲಾಗಿದೆಯೆಂದು ನಾನೂ ಒಪ್ಪುತ್ತೇನೆ. ಜೀವನಾಂಶ ನಿಗದಿಯಾದಾಗ ಅರ್ಪಿತ ಎರಡನೇ ಕ್ಲಾಸಿನಲ್ಲಿದ್ದಳು. ಈಗ ಅವಳಮ್ಮನಿಗಿಂತ ಎತ್ತರವಾಗಿದ್ದಾಳೆ. ಅಂದಿನ ಲಂಗ ಇಂದು ಅವಳ ಮೊಣಕಾಲಿಗೂ ಬರುವುದಿಲ್ಲ. ಅಕ್ಕಿ, ಎಣ್ಣೆ, ಬಸ್ಸಿನ ದರ, ಪುಸ್ತಕ, ಟ್ಯೂಷನ್ನು ಯಾವುದಾದರೂ ಇಳಿದಿದೆಯೇ? ಹೆಣ್ಣುಮಗು ದೊಡ್ಡವಳಾದ ಮೇಲೆ ಬೇಕಾಗುವ ಖರ್ಚು ಏನೇನೆಂದು ಗಂಡಸರ ಅರ್ಜಿಯಲ್ಲಿ ಯಾವತ್ತಾದರೂ ಬರೆದದ್ದುಂಟೇ? ಬೆಳೆದದ್ದು ಮಗು, ಇಳಿಯಬೇಕಾದದ್ದು ಅವಳ ಅನ್ನ, ಇದು ಯಾವ ದೇಶದ ಲೆಕ್ಕ? ಹುಳವಾದರೆ ಬೆಳೆದಷ್ಟೂ ಜಾಸ್ತಿ ಸೊಪ್ಪು ಹಾಕುತ್ತೇವೆ. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹಸಿವಿಗೆ ಬಿಟ್ಟರೆ ಬೆಳೆ ಕೈಗೆ ಬರುವುದಿಲ್ಲವೆಂದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಹುಳಕ್ಕೆ ಇರುವ ನ್ಯಾಯ ಹುಡುಗಿಗೆ ಇಲ್ಲವಾದರೆ, ತಮ್ಮ ಪೀಠಕ್ಕಿಂತ ನನ್ನ ಹುಳದ ಮನೆಯೇ ಮೇಲು. ಈ ಮಾತಿಗೆ ನನ್ನ ಮೇಲೆ ಕೇಸು ಹಾಕುವುದಾದರೆ ಹಾಕಿ. ಆಗಲಾದರೂ ನಾನು ಪಾರ್ಟಿ ಆಗುತ್ತೇನೆ.

ಬೇಡಿಕೆಗೆ ಬರುತ್ತೇನೆ. ತನ್ನ ಅರ್ಜಿಯ ಕೊನೆಯ ಹಾಳೆಯಲ್ಲಿ ಚಲುವರಾಜು ಖರ್ಚಿನ ವಿವರ ಕೊಟ್ಟಿದ್ದಾನೆ. ತಾಯಿಯ ಔಷಧಿ, ಪಥ್ಯ, ನೋಡಿಕೊಳ್ಳುವ ಹೆಂಗಸಿನ ಸಂಬಳ ಎಲ್ಲ ಸೇರಿ ತಿಂಗಳಿಗೆ ಎಂಟು ಸಾವಿರ ರೂಪಾಯಿ ತಪ್ಪದೆ ಖರ್ಚು ಮಾಡುತ್ತಿರುವುದಾಗಿ ಪ್ರಮಾಣ ಮಾಡಿ ಸಹಿ ಹಾಕಿದ್ದಾನೆ. ಆದಾಯವಿಲ್ಲದವನು ಎಂಟು ಸಾವಿರ ಎಲ್ಲಿಂದ ತಂದ ಎಂದು ತಾವು ಕೇಳಲಿಲ್ಲ. ಹೋಗಲಿ, ನಾನೂ ಕೇಳುವುದಿಲ್ಲ. ಆ ಎಂಟು ಸಾವಿರ ನನಗೆ ಬೇಡ. ನನಗೆ ಔಷಧಿಯೂ ಬೇಡ, ಪಥ್ಯವೂ ಬೇಡ, ನೋಡಿಕೊಳ್ಳುವ ಹೆಂಗಸನ್ನು ನಾನು ಕಣ್ಣಲ್ಲೂ ಕಂಡಿಲ್ಲ. ನನ್ನ ಪಾಲಿನದೆಂದು ಅವನೇ ಒಪ್ಪಿಕೊಂಡಿರುವ ಆ ಹಣವನ್ನು ಈಗಿರುವ ಜೀವನಾಂಶದ ಮೇಲೆ ಸೇರಿಸಿ ಅರ್ಪಿತಳ ಹೆಸರಿಗೆ ಬರೆಯಿರಿ. ಕೊಡುತ್ತಿರುವುದು ನಿಜವಾದರೆ ಅವನಿಗೆ ಒಂದು ಕಾಸಿನ ಹೊಸ ಹೊರೆಯೂ ಇಲ್ಲ, ಕೊಡುವ ಕೈ ಅದೇ, ತೆಗೆದುಕೊಳ್ಳುವ ಕೈ ಮಾತ್ರ ಬೇರೆ. ಕೊಡುತ್ತಿಲ್ಲ, ಅದು ಸುಳ್ಳು ಎಂದನೋ, ಆಗ ಪ್ರಮಾಣ ಮಾಡಿ ನ್ಯಾಯಾಲಯಕ್ಕೆ ಸುಳ್ಳು ಹೇಳಿದವನಿಗೆ ಏನು ಮಾಡಬೇಕೆಂದು ತಮ್ಮ ಪುಸ್ತಕದಲ್ಲೇ ಇದೆ. ಎರಡರಲ್ಲಿ ಯಾವುದು ಬೇಕೆಂದು ಅವನ ಬಾಯಿಂದಲೇ ಕೇಳಿ. ಆ ಹೊತ್ತಿನಲ್ಲಿ ಅವನ ಮುಖ ನೋಡಲು ನನಗೂ ಒಂದು ಜಾಗ ಕೊಡಿ, ಹಿಂದಿನ ಬೆಂಚಾದರೂ ಸರಿ. ವಸೂಲಿಗೆ ಹಾಕಿರುವ ತಡೆಯನ್ನು ಅದಾಲತ್ತಿಗೆ ಮುಂಚೆ ತೆಗೆಯಿರಿ. ನನ್ನನ್ನು ಸಾಕ್ಷಿಗೆ ಕರೆಯಿರಿ. ಗೂಡು ಮಾರಿದ ಹಣ ಎಷ್ಟು ಬಂತು, ಯಾರು ತೆಗೆದರೆಂದು ಬ್ಯಾಂಕಿನವರು ಬರೆದುಕೊಡುತ್ತಾರೆ.

ಅವ್ವ ಕಾರ್ಡು ಕಿತ್ತುಕೊಂಡಳು, ಈಗ ನನಗೆ ನಿಜವಾಗಿಯೂ ಆದಾಯವಿಲ್ಲ ಎಂದು ಅವನು ಮೂಗೊರೆಸಿಕೊಂಡು ನಿಲ್ಲುತ್ತಾನೆ. ಗೊತ್ತು. ಕೈಕಾಲು ಗಟ್ಟಿಯಿರುವ ಗಂಡಸಿಗೆ ಆದಾಯವಿಲ್ಲ ಎಂಬ ಮಾತು ಇನ್ನು ಮೇಲೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಾನು ಕೆಲಸ ಕೊಡುತ್ತೇನೆ. ಸೊಪ್ಪಿನ ತೋಟ ಅಗೆಯುವುದಿದೆ, ಕಡ್ಡಿ ಕೊಯ್ಯುವುದಿದೆ, ಹುಳದ ಕಸ ತೆಗೆಯುವುದಿದೆ. ಊರಿನಲ್ಲಿ ಗಂಡಾಳಿಗೆ ಏನು ಕೂಲಿ ನಡೆಯುತ್ತದೋ ಅಷ್ಟು, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ನೌಕರರ ಸಂಬಳವನ್ನು ತಾವು ಜಪ್ತಿ ಮಾಡಿಸುವುದಿಲ್ಲವೇ? ಹಾಗೇ ಇವನ ಕೂಲಿಯನ್ನು ಜಪ್ತಿ ಮಾಡಿಸಿ. ಮಾಲೀಕಳು ನಾನು, ಪ್ರತಿ ವಾರ ನೇರವಾಗಿ ಅರ್ಪಿತಳ ಖಾತೆಗೆ ಕಟ್ಟಿ ರಸೀದಿ ಕಳಿಸುತ್ತೇನೆ. ಕೆಲಸಕ್ಕೆ ಬರಲಿಲ್ಲವೆಂದರೆ ತಮಗೆ ತಿಳಿಸುತ್ತೇನೆ, ಆಗ ತಾವು ಪೊಲೀಸಿನವರನ್ನು ಕಳಿಸಿ. ಈ ಸಲ ಮಜ್ಜಿಗೆ ಇಲ್ಲ. ಅವನು ಎಲ್ಲಿದ್ದಾನೆಂದು ಅವರು ಹುಡುಕಬೇಕಾಗಿಯೂ ಇಲ್ಲ. ಕಿವಿ ಹಿಡಿದು ಬಾಗಿಲಿಗೆ ತಂದು ನಾನೇ ಒಪ್ಪಿಸುತ್ತೇನೆ.

ಇಂತಿ,
ಅರ್ಜಿದಾರನನ್ನು ಹೆತ್ತು, ಎದುರುದಾರಳ ಕಡೆ ನಿಂತಿರುವ,
ಸಣ್ಣತಾಯಮ್ಮ